ಅಣ್ಣನ ಅರ್ಜೆಂಟ್ ಮಂತ್ರ

ಅಣ್ಣ ಬ್ಯಾರನ್ ಒಳಗಿನ ತೊಲೆಯಿಂದ ಬಿದ್ದ ವರ್ಷ ನಾನು ಹುಣಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಹೊಗೆಸೊಪ್ಪು ಬೇಯಿಸುವ ಮನೆಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತಾರೆ. ಅದರೊಳಗೆ ಸೂರಿನವರೆಗೂ ಅಡ್ಡತೊಲೆಗಳು. ಅವುಗಳ ಮೇಲೆ ಕಾಲಿಟ್ಟುಕೊಂಡು, ಎಲೆ ಕಟ್ಟಿದ ಕಡ್ಡಿಗಳನ್ನು ಸಾಲಾಗಿ ಏರಿಸುತ್ತ ಹೋಗಬೇಕು. ಆ ಕೆಲಸದಲ್ಲಿ ಅಣ್ಣ ಊರಿಗೇ ಚುರುಕು. ಕೆಳಗಿನಿಂದ ಕಡ್ಡಿ ಎತ್ತಿಕೊಡುವವರು ಸುಸ್ತಾದರೂ ಅವನ ಕೈ ನಿಲ್ಲುತ್ತಿರಲಿಲ್ಲ. ಆ ದಿನ ಮಳೆಯಲ್ಲಿ ನೆನೆದ ಕಾಲನ್ನು ಒರೆಸಿಕೊಳ್ಳದೆ ಹತ್ತಿದ್ದ. ತೊಡೆಯ ಮೂಳೆ ಮುರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಒಳಗೆ ರಾಡ್ ಹಾಕಿ, ತಾವು ಹೇಳುವವರೆಗೂ ಆ ಕಾಲನ್ನು ನೆಲಕ್ಕೂರಬಾರದು ಎಂದು ಡಾಕ್ಟರು ಮನೆಗೆ ಕಳಿಸಿದರು.

ಅಣ್ಣ ನನಗಿಂತ ತುಂಬ ದೊಡ್ಡವನು. ನನಗೆ ಬುದ್ಧಿ ಬರುವ ಹೊತ್ತಿಗೇ ಅವನು ಪಿಯುಸಿ ಬಿಟ್ಟು ಹೊಲಕ್ಕಿಳಿದಿದ್ದ. ಊಟ ಆಯ್ತಾ, ಬಸ್ಸು ಸಿಕ್ತಾ ಎನ್ನುವುದಕ್ಕಿಂತ ಹೆಚ್ಚಿನ ಮಾತು ನಮ್ಮಿಬ್ಬರ ನಡುವೆ ಇರಲಿಲ್ಲ. ಈಗ ಅವನು ನಡುಮನೆಯ ಮಂಚದ ಮೇಲೆ ಮಲಗಿ, ಹಿತ್ತಲಿನಲ್ಲಿ ಆಳುಗಳು ಎಲೆ ಕಟ್ಟುವ ಸದ್ದು ಕೇಳುತ್ತ, ಕಿಟಕಿಯಿಂದಲೇ ಗದರುತ್ತಿದ್ದ. ಅವ್ವ ತಂದ ಊಟ ಆರಿದ್ದರೂ ಸಿಟ್ಟು, ಬಿಸಿಯಿದ್ದರೂ ಸಿಟ್ಟು. ಒಂದು ಬೆಳಿಗ್ಗೆ ಯಾರೂ ಇಲ್ಲದಾಗ ಗೋಡೆ ಹಿಡಿದು ಎದ್ದು ನಿಲ್ಲಲು ಹೋಗಿ, ಅಪ್ಪ ಓಡಿ ಬಂದು ಹಿಡಿದುಕೊಳ್ಳದಿದ್ದರೆ ಮತ್ತೆ ಬೀಳುತ್ತಿದ್ದ.

ಬೀಚನಹಳ್ಳಿಯಲ್ಲಿ ಅಣೆಕಟ್ಟೆಯ ಕೆಲಸದಲ್ಲಿದ್ದ ಸೋದರಮಾವ ಇದನ್ನೆಲ್ಲ ಕೇಳಿ, ತಮ್ಮ ಮಗ ಬಿಟ್ಟುಹೋಗಿದ್ದ ಹಳೆಯ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಜೀಪಿನಲ್ಲಿ ತಂದರು. ಸುಮ್ಮನೆ ಸೂರು ನೋಡುತ್ತ ಮಲಗಿದರೆ ತಲೆ ಕೆಡುತ್ತದೆ, ಇದರಲ್ಲಿ ಏನಾದರೂ ನೋಡಿಕೊಂಡಿರು ಎಂದು ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟು ಹೋದರು.

ಅದರಲ್ಲಿ ಇದ್ದದ್ದು ಒಂದು ಹಳೆಯ ಕಾಲದ ಇಂಗ್ಲಿಷ್ ಆಟ. ಆರು ಜನರ ತಂಡ ಕಟ್ಟಿಕೊಂಡು, ಊರೂರು ಸುತ್ತಿ, ಕಾಡಿನಲ್ಲಿ ಗುಹೆಗಳಲ್ಲಿ ರಾಕ್ಷಸರ ಜೊತೆ ಹೊಡೆದಾಡಿ, ಕೊನೆಗೆ ಒಂದು ಕೋಟೆಯೊಳಗಿನ ಡ್ರ್ಯಾಗನ್ನನ್ನು ಕೊಲ್ಲಬೇಕು. ಚಿತ್ರ ಕಡಿಮೆ, ಓದುವುದು ಜಾಸ್ತಿ. ಆಟದ ನಿಯಮ ಹೇಳುವ ಪುಸ್ತಕ ಮಾವನ ಮನೆಯಲ್ಲೂ ಇರಲಿಲ್ಲ. ಅಣ್ಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಕಾಲೇಜಿನಿಂದ ಬಂದ ಮೇಲೆ ನಾನು ಮಂಚದ ತುದಿಯಲ್ಲಿ ಕೂತು ಓದಿ ಹೇಳಬೇಕು, ಅವನು ಕೀ ಒತ್ತಬೇಕು. ಮೊದಮೊದಲು ಬೇಸರದಿಂದಲೇ ಕೂರುತ್ತಿದ್ದೆ. ಆಮೇಲೆ ಬಸ್ಸಿನಲ್ಲಿ ಬರುವಾಗಲೇ ಇವತ್ತು ಎಲ್ಲಿಗೆ ಹೋಗಬೇಕು ಎಂದು ಯೋಚಿಸತೊಡಗಿದೆ.

ಅಣ್ಣ ತನಗೊಬ್ಬ ಮನುಷ್ಯ ಯೋಧನನ್ನು ಆರಿಸಿಕೊಂಡ. ನಾನು ಆರಿಸಿಕೊಂಡದ್ದು ಒಬ್ಬಳು ಎಲ್ಫ್. ಆ ಆಟದಲ್ಲಿ ಎಲ್ಫ್ ಎಂದರೆ ಚೂಪು ಕಿವಿಯ ಕಾಡಿನ ಜನ, ಬಿಲ್ಲು ಬಿಡುವುದರಲ್ಲಿ ನಿಪುಣರು. ಉಳಿದ ನಾಲ್ವರಲ್ಲಿ ಒಬ್ಬ ಮಾಂತ್ರಿಕ, ಒಬ್ಬ ಪೂಜಾರಿ.

ಪ್ರತಿಯೊಬ್ಬರ ಮುಂದೆಯೂ ರಕ್ಷಣೆಯ ಅಂಕಿಯೊಂದು ಇತ್ತು. ಬರಿಮೈಯಲ್ಲಿದ್ದರೆ ಹತ್ತು. ಅಂಗಡಿಯಲ್ಲಿದ್ದ ಒಳ್ಳೆಯ ಕಬ್ಬಿಣದ ಕವಚ ತೊಡಿಸಿದರೆ ಅದು ಮೂರಕ್ಕೆ ಇಳಿಯಿತು. ಅಂಗಡಿಯವನು ಮೋಸ ಮಾಡಿದ ಎಂದು ಅಣ್ಣ ಕವಚ ಬಿಚ್ಚಿಸಿದ. ಬರಿಮೈಯಲ್ಲಿ ಕಾಡಿಗೆ ಹೊರಟ ನಮ್ಮ ಯೋಧ ಊರು ದಾಟುವ ಮೊದಲೇ ನರಿಯಂಥದ್ದೊಂದು ಪ್ರಾಣಿಯ ಬಾಯಿಗೆ ಸಿಕ್ಕಿ ಸತ್ತ. ಮತ್ತೆ ಮೊದಲಿನಿಂದ ಶುರು ಮಾಡಿ, ಹೀಗೆ ಎಷ್ಟೋ ಸಲ ಆದ ಮೇಲೆ ತಿಳಿಯಿತು, ಆ ಅಂಕಿ ಇಳಿದಷ್ಟೂ ಒಳ್ಳೆಯದು, ಸೊನ್ನೆಗಿಂತ ಕೆಳಗೆ ಹೋದರೆ ಇನ್ನೂ ಒಳ್ಳೆಯದು. ತಲೆಕೆಳಗಾಗಿ ಲೆಕ್ಕ ಹಾಕುವ ಇವರು ಯಾವ ಊರಿನವರೋ ಎಂದು ಅಣ್ಣ ಗೊಣಗಿದ. ಮಾಂತ್ರಿಕನದು ಇನ್ನೊಂದು ತರ. ಒಂದು ಮಂತ್ರ ಹೇಳಿದ ಕೂಡಲೇ ಅದನ್ನು ಮರೆತುಬಿಡುತ್ತಿದ್ದ. ಮತ್ತೆ ಹೇಳಬೇಕಾದರೆ ಬಿಡಾರ ಹೂಡಿ, ಮಲಗಿ ಎದ್ದು, ಹೊಸದಾಗಿ ಬಾಯಿಪಾಠ ಮಾಡಬೇಕು. ಪರೀಕ್ಷೆ ಬರೆದು ಹೊರಗೆ ಬಂದ ನನ್ನ ಹಾಗೇ ಎಂದು ನಾನು ಹೇಳಿದಾಗ ಅಣ್ಣ ನಗಲಿಲ್ಲ, ಆದರೆ ತಿರುಗಿ ನನ್ನ ಮುಖ ನೋಡಿದ.

ಆ ಮಾಂತ್ರಿಕ ಮುಂದೆ ಕಲಿತ ಒಂದು ಮಂತ್ರ ಅಣ್ಣನಿಗೆ ತುಂಬ ಹಿಡಿಸಿತು. ಅದನ್ನು ಹಾಕಿದರೆ ತಂಡದವರೆಲ್ಲರೂ ಎರಡರಷ್ಟು ವೇಗವಾಗಿ ಓಡುತ್ತಿದ್ದರು, ಎರಡರಷ್ಟು ಏಟು ಹಾಕುತ್ತಿದ್ದರು. ಅಣ್ಣ ಅದಕ್ಕೆ ಅರ್ಜೆಂಟ್ ಮಂತ್ರ ಎಂದು ಹೆಸರಿಟ್ಟ. ದೊಡ್ಡ ರಾಕ್ಷಸ ಎದುರಾದರೂ ಅದೇ, ಇಲಿ ಎದುರಾದರೂ ಅದೇ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಬೇಗ ಮುಗಿಸೋಣ ಎನ್ನುತ್ತಿದ್ದ.

ಹೀಗೆ ನಡೆಯುತ್ತಿರುವಾಗ ಯೋಧನ ಕೈ ಸೋಲತೊಡಗಿತು. ಎತ್ತುತ್ತಿದ್ದ ಕತ್ತಿ ಭಾರವಾಯಿತು. ಏಟುಗಳು ತಪ್ಪತೊಡಗಿದವು. ಕೊನೆಗೊಂದು ಸಂಜೆ, ಯಾರೂ ಹೊಡೆಯದೆ, ಏನೂ ಆಗದೆ, ಅವನು ಸತ್ತ. ಪರದೆಯ ಮೇಲೆ ಬಂದ ಸಾಲನ್ನು ಓದಿದೆ. ವಯಸ್ಸಾಗಿ ಸತ್ತ ಎಂದಿತ್ತು.

ಅಣ್ಣನ ಮುಖ ಇಳಿದುಹೋಯಿತು. ಸೊಪ್ಪು ಸೋಸುತ್ತ ಪಕ್ಕದಲ್ಲೇ ಕೂತಿದ್ದ ಅವ್ವನಿಗೆ ವಿಷಯ ಗೊತ್ತಾಗಿ, ಹಾಸಿಗೆ ಹಿಡಿದವನ ಮುಂದೆ ಸಾವಿನ ಆಟವೆಲ್ಲ ಬೇಡ, ಮುಚ್ಚಿಡಿ ಎಂದಳು. ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ಮಾರನೆಯ ದಿನವೂ ಹಾಗೇ ಮಲಗಿದ್ದ.

ನನಗೆ ಅದು ಸಹಿಸಲಾಗಲಿಲ್ಲ. ಆಟವನ್ನು ಅಲ್ಲಲ್ಲಿ ಉಳಿಸಿಟ್ಟರೆ ಆಮೇಲೆ ಅಲ್ಲಿಂದಲೇ ಮುಂದುವರಿಸಬಹುದಿತ್ತು. ಆ ಭಾನುವಾರ ಅವನಿಗೆ ನಿದ್ದೆ ಹತ್ತಿದೆ ಎಂದುಕೊಂಡು, ಹಾಗೆ ಮೊದಲು ಉಳಿಸಿಟ್ಟಿದ್ದ ಹಳೆಯ ಆಟವನ್ನು ತೆರೆದೆ. ಯೋಧ ಬದುಕಿದ್ದ. ಅವನ ವಿವರದ ಪುಟದ ಮೂಲೆಯಲ್ಲಿ ವಯಸ್ಸು ಬರೆದಿತ್ತು, ಅಲ್ಲಿಯವರೆಗೆ ನಾವಿಬ್ಬರೂ ಅದನ್ನು ಗಮನಿಸಿರಲಿಲ್ಲ. ತಂಡವನ್ನು ಯಾರೂ ಇಲ್ಲದ ಬಯಲಿನಲ್ಲಿ ನಿಲ್ಲಿಸಿ, ಗೊತ್ತಿದ್ದ ಮಂತ್ರಗಳನ್ನೆಲ್ಲ ಒಂದೊಂದಾಗಿ ಹಾಕಿಸಿ, ಪ್ರತಿ ಸಲವೂ ಆ ಮೂಲೆ ನೋಡಿದೆ. ಬೆಂಕಿಯ ಮಂತ್ರಕ್ಕೆ ಏನೂ ಆಗಲಿಲ್ಲ. ನಿದ್ದೆಯ ಮಂತ್ರಕ್ಕೂ ಆಗಲಿಲ್ಲ. ಅರ್ಜೆಂಟ್ ಮಂತ್ರ ಹಾಕಿದೆ. ವಯಸ್ಸು ಒಂದು ವರ್ಷ ಮುಂದೆ ಹೋಗಿತ್ತು. ಮಾಂತ್ರಿಕನನ್ನು ಮಲಗಿಸಿ ಎಬ್ಬಿಸಿ ಇನ್ನೊಂದು ಸಲ ಹಾಕಿದೆ, ಇನ್ನೊಂದು ವರ್ಷ.

ಅಣ್ಣ ನಿದ್ದೆ ಮಾಡುತ್ತಿಲ್ಲ, ನೋಡುತ್ತಿದ್ದಾನೆ ಎಂದು ಆಗ ಗೊತ್ತಾಯಿತು. ಮತ್ತೆ ಮಾಡಿ ತೋರಿಸಿದೆ.

"ಅಂದ್ರೆ ಪ್ರತಿ ಸಲ ನಾನೇ ಅವನ ಆಯಸ್ಸಲ್ಲಿ ಒಂದ್ ವರ್ಸ ಕಿತ್ಕತಿದ್ದೆ ಅನ್ನು" ಎಂದ ಅಣ್ಣ.

"ಊಂ ಕಣಣ್ಣ. ಇಲಿ ಒಡೆಯಕ್ಕೂ."

ಅವನು ನಗತೊಡಗಿದ. ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಮಂಚ ಅಲುಗುವಷ್ಟು ನಕ್ಕು, ತೊಡೆ ನೋಯುತ್ತದೆ ಎಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು ಮತ್ತೆ ನಕ್ಕ. ಅಡುಗೆಮನೆಯಿಂದ ಬಂದ ಅವ್ವ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಆಟ ಮುಚ್ಚಿಡಿ ಎಂದು ಅವಳು ಮತ್ತೆ ಹೇಳಲಿಲ್ಲ.

ಹಳೆಯ ಆಟದಿಂದ ಯೋಧ ಮರಳಿ ಬಂದ, ನಾವು ಮುಂದುವರಿದೆವು. ಈಗ ಪ್ರತಿ ಊರಿನಲ್ಲೂ ಎಲ್ಲರ ವಯಸ್ಸು ನೋಡಿಕೊಳ್ಳುತ್ತಿದ್ದೆವು. ನನ್ನ ಎಲ್ಫ್‌ಗೆ ಆ ಚಿಂತೆಯಿರಲಿಲ್ಲ, ಅವಳ ಜನ ನೂರಾರು ವರ್ಷ ಬದುಕುವವರು. ಮುಂದೆ ಯೋಧ ಹೊಡೆದಾಟದಲ್ಲಿ ಎರಡು ಸಲ ಸತ್ತಾಗ ಊರಿನ ದೇವಸ್ಥಾನದ ಪೂಜಾರಿ ಬದುಕಿಸಿದ. ಪ್ರತಿ ಸಲವೂ ಎದ್ದು ಬಂದವನ ದೇಹಬಲದ ಅಂಕಿ ಒಂದು ಕಡಿಮೆಯಾಗಿರುತ್ತಿತ್ತು. ಅದನ್ನು ಓದಿ ಹೇಳಿದ ದಿನ ಅಣ್ಣ ತನ್ನ ಕಾಲಿನ ಕಡೆ ನೋಡಿಕೊಂಡು, "ಎದ್ ಬಂದ್ರೂ ಮೊದ್ಲಿನಂಗಿರಕಿಲ್ಲ ಅನ್ನು" ಎಂದ. ಇರದಿದ್ದರೆ ಬೇಡ, ಎದ್ದು ಬಂದರೆ ಸಾಕು ಎಂದೆ.

ಡ್ರ್ಯಾಗನ್ ಕೋಟೆಯ ಬಾಗಿಲಲ್ಲಿ ನನ್ನ ಎಲ್ಫ್ ಸತ್ತಳು. ದೇವಸ್ಥಾನಕ್ಕೆ ಕರೆದೊಯ್ದೆವು. ಪೂಜಾರಿ ಮಂತ್ರ ಹೇಳಿದ, ಅವಳು ಏಳಲಿಲ್ಲ. ಮನುಷ್ಯರಿಗೆ ಎದ್ದು ಬರುವ ದಾರಿಯಿತ್ತು, ಎಲ್ಫ್‌ಗಳಿಗೆ ಇರಲಿಲ್ಲ. ಆಟ ಮಾಡಿದವರು ಯಾಕೆ ಹಾಗಿಟ್ಟರೋ. ಅಷ್ಟು ಹೊತ್ತಿಗೆ ನಾವು ಹಳೆಯದರ ಮೇಲೆಲ್ಲ ಅವಳು ಸತ್ತ ಮೇಲಿನ ಆಟವನ್ನೇ ಉಳಿಸಿಬಿಟ್ಟಿದ್ದರಿಂದ ಹಿಂದಕ್ಕೆ ಹೋಗುವಂತೆಯೂ ಇರಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿ, ಆಟದ ಬೊಂಬೆಗೆ ಅಳುವುದು ನಾಚಿಕೆ ಎನಿಸಿದರೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಉಳಿದ ಐವರಿಂದಲೇ ಕೋಟೆ ಗೆಲ್ಲಬಹುದಿತ್ತು. ಬಾಗಿಲು ತೆರೆದೇ ಇತ್ತು. ಅಣ್ಣ ಕೀಲಿಮಣೆಯಿಂದ ಕೈ ತೆಗೆದ.

"ಮೊದ್ಲಿಂದ್ಲೇ ಸುರು ಮಾಡವ ಬುಡು" ಎಂದ.

"ಇಷ್ಟು ದೂರ ಬಂದು?"

"ನಂಗೇನ್ ಅರ್ಜೆಂಟ್ ಐತೆ ಈಗ."

ಈ ಸಲ ಎಲ್ಫ್ ಬೇಡ ಎಂದೆ ನಾನು. ಅಣ್ಣ ಒಪ್ಪಲಿಲ್ಲ. "ಅವಳು ಇರ್ಲಿ. ಉಸಾರಾಗಿ ನೋಡ್ಕಳವ" ಎಂದ.

ಎರಡನೆಯ ಸಲ ನಾವು ನಿಧಾನಕ್ಕೆ ಆಡಿದೆವು. ಮೊದಲ ಸಲ ಓಡಿ ದಾಟಿದ ಹಳ್ಳಿಗಳಲ್ಲಿ ನಿಂತು ಎಲ್ಲರನ್ನೂ ಮಾತಾಡಿಸಿದೆವು. ನಡುವೆ ನಡುವೆ ಅಣ್ಣ, ತಾನು ಶಾಲೆಗೆ ಹೋಗುತ್ತಿದ್ದ ಕಾಲದ್ದು, ಓದು ಬಿಟ್ಟದ್ದು, ಹಾಗೆ ಬಿಟ್ಟದ್ದಕ್ಕೆ ಬೇಜಾರಿದೆಯೋ ಇಲ್ಲವೋ ತನಗೇ ತಿಳಿಯದ್ದು, ಇಂಥವನ್ನೆಲ್ಲ ಹೇಳುತ್ತಿದ್ದ. ಡಾಕ್ಟರು ಹೇಳಿದ ಮೇಲೇ ಕಾಲೂರಿದ. ಮೊದಲು ಊರುಗೋಲು, ಆಮೇಲೆ ಬರಿಯ ಕೋಲು, ಆಮೇಲೆ ಅದೂ ಬೇಡವಾಯಿತು. ನಡಿಗೆಯಲ್ಲಿ ಸಣ್ಣದೊಂದು ವಾಲು ಮಾತ್ರ ಉಳಿಯಿತು. ಹೊಗೆಸೊಪ್ಪು ಹರಾಜಿಗೆ ಹೋಗುವ ಹೊತ್ತಿಗೆ ಅವನು ಹೊಲಕ್ಕೆ ಹೋಗತೊಡಗಿದ್ದ. ಆಟ ಅರ್ಧಕ್ಕೇ ನಿಂತಿತು. ಕಂಪ್ಯೂಟರ್ ಕೆಟ್ಟಾಗ ಯಾರೂ ರಿಪೇರಿ ಮಾಡಿಸಲಿಲ್ಲ. ಮುಂದೆ ನನ್ನನ್ನು ಕೆ.ಆರ್. ನಗರದ ಹೊಸ ಅಗ್ರಹಾರಕ್ಕೆ ಮದುವೆ ಮಾಡಿಕೊಟ್ಟರು.

ಹೋದ ವರ್ಷ ಗದ್ದೆ ಕೊಯ್ಲು ಮುಗಿದ ಬಿಡುವಿನಲ್ಲಿ ಅಣ್ಣ ಬಂದು ನಾಲ್ಕು ದಿನ ನಮ್ಮ ಮನೆಯಲ್ಲಿದ್ದ. ಆ ಹಳೆಯ ಆಟ ಈಗ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಅವನ ಕಣ್ಣಿಗೆ ಈಗ ಕನ್ನಡಕ, ಮೀಸೆ ಪೂರ್ತಿ ಬಿಳಿ. ಅಷ್ಟು ದಿನಕ್ಕೆ ಮುಗಿಯದು ಎಂದುಕೊಂಡಿದ್ದೆ, ಆದರೆ ದಾರಿಗಳೆಲ್ಲ ಅವನಿಗೆ ನೆನಪಿದ್ದವು. ಹಗಲೆಲ್ಲ ಇಬ್ಬರೂ ಜಗಲಿಯ ಮೇಲೆ ಕೂತು ಆಡಿದೆವು. ಕೊನೆಯ ದಿನ ಊಟದ ಹೊತ್ತಿಗೆ ಡ್ರ್ಯಾಗನ್ ಸತ್ತಿತು. ನನ್ನ ಎಲ್ಫ್ ಸೇರಿ ಆರು ಜನವೂ ಬದುಕಿದ್ದರು.

ಮುಗಿಯಿತು ಎಂದುಕೊಂಡರೆ, ಆಟ ಮುಗಿಯಲಿಲ್ಲ. ರಾಜ ಹೊಗಳಿದ ಮೇಲೆ ತಂಡ ಮತ್ತೆ ದಾರಿಯ ಮೇಲೆ ಬಂದು ನಿಂತಿತ್ತು. ಮಾಡಲು ಏನೂ ಬಾಕಿಯಿಲ್ಲ, ಆದರೆ ಎಲ್ಲಿಗೆ ಬೇಕಾದರೂ ಹೋಗಬಹುದು. ಅಣ್ಣ ಅವರನ್ನು ಹೊಳೆಯ ದಡದ ಒಂದು ಸಣ್ಣ ಊರಿಗೆ ನಡೆಸಿಕೊಂಡು ಹೋಗಿ, ಅಲ್ಲಿನ ಛತ್ರದಲ್ಲಿ ಇಳಿಸಿದ.

"ಇಲ್ಲೇ ಇರ್ಲಿ ಬುಡು" ಎಂದು ಲ್ಯಾಪ್‌ಟಾಪ್ ಮುಚ್ಚಿ, ಕೈ ತೊಳೆದುಕೊಳ್ಳಲು ಎದ್ದ. ನಾನು ಎಲೆ ಹಾಕಿದೆ. ಊಟವಾದ ಮೇಲೆ ಹುಣಸೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಗದ್ದೆ ಬದುವಿನ ಮೇಲೆ, ಅವ್ವನ ವಿಷಯ ಮಾತಾಡಿಕೊಂಡು, ರಸ್ತೆಯವರೆಗೆ ನಡೆದುಕೊಂಡು ಹೋದೆವು.