ಮೊಣಕಾಲೆತ್ತರದ ಬೊಡ್ಡೆ

ಹೋದ ವಾರ ಶಿಡ್ಲಘಟ್ಟದ ಹೊರಗೆ, ಚಿಂತಾಮಣಿ ರಸ್ತೆಯ ಪಕ್ಕದಲ್ಲಿರುವ ಅಣ್ಣನ ತೋಟದಲ್ಲಿ ಹಿಪ್ಪುನೇರಳೆ ಕಡ್ಡಿ ಕೊಯ್ಯುತ್ತಿದ್ದರು. ಕೊಯ್ದ ತುದಿಯಲ್ಲಿ ಬಿಳಿ ಹಾಲು ಒಸರುತ್ತಿತ್ತು. ಆ ಹಾಲಿಗೆ ಒಂದು ಹಸಿ ವಾಸನೆ ಇದೆ, ಎಳೆ ಕಡಲೆಕಾಯಿಯನ್ನು ಸಿಪ್ಪೆಸಮೇತ ಜಜ್ಜಿದ ಹಾಗೆ. ಹುಟ್ಟಿದಾಗಿನಿಂದ ಮೂಗಿಗೆ ಬಿದ್ದ ವಾಸನೆ, ನೆನಪಾಗಬೇಕಾದ್ದು ಊರು, ಬಾಲ್ಯ, ಅಪ್ಪನ ಕೈ. ಅದ್ಯಾವುದೂ ನೆನಪಾಗಲಿಲ್ಲ. ದಕ್ಷಿಣ ಫ್ರಾನ್ಸಿನ ಒಂದು ಗುಡ್ಡದ ಹಳ್ಳಿಯಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಅಜ್ಜಿ ನೆನಪಾದರು. ನನಗೆ ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಈಗಲೂ ಗೊತ್ತಿಲ್ಲ.

ಆ ಹಳ್ಳಿಯಲ್ಲಿ ಹಿಂದೊಮ್ಮೆ ಮನೆಮನೆಯ ಅಟ್ಟದಲ್ಲೂ ರೇಷ್ಮೆ ಹುಳು ಸಾಕುತ್ತಿದ್ದರಂತೆ. ಹುಳು ಹೋಗಿ, ಮರಗಳು ಮಾತ್ರ ಉಳಿದಿದ್ದವು. ಮತ್ತೆ ಶುರು ಮಾಡೋಣ ಎಂದು ಹತ್ತು ಜನ ಸೇರಿ ಒಂದು ಸಣ್ಣ ಸಂಘ ಕಟ್ಟಿಕೊಂಡಿದ್ದರು. ಗೂಡಿನಿಂದ ನೂಲು ತೆಗೆಯುವುದನ್ನು ಕಲಿಸಲು ಅವರಿಗೆ ಒಬ್ಬರು ಬೇಕಿತ್ತು. ನಮ್ಮದು ನೂಲು ತೆಗೆಯುವ ಮನೆತನ, ಹೋದೆ. ಒಂದು ವರ್ಷ ಮೂರು ತಿಂಗಳು ಇದ್ದೆ.

ಅಜ್ಜಿ ಮಾತಾಡುತ್ತಿದ್ದದ್ದು ಫ್ರೆಂಚ್. ನನಗೆ ಬರುತ್ತಿದ್ದದ್ದು ಅರ್ಧಂಬರ್ಧ. ಆದರೆ ನೆನಪಿನಲ್ಲಿ ಅವರು ಅಚ್ಚ ಶಿಡ್ಲಘಟ್ಟದ ಕನ್ನಡ ಆಡುತ್ತಾರೆ, ನಮ್ಮ ಸೋದರತ್ತೆಯ ಗಂಟಲಿನಲ್ಲಿ. ಹಾಗಾಗಿ ಕೆಳಗೆ ಅವರ ಬಾಯಿಂದ ಬರುವ ಮಾತುಗಳನ್ನು ಪೂರ್ತಿ ನಂಬಬೇಡಿ. ನಾನೂ ನಂಬುತ್ತಿಲ್ಲ...

ನಾನು ಹೋದದ್ದು ಮಾರ್ಚ್ ತಿಂಗಳಲ್ಲಿ. ನಮ್ಮ ಎರಡು ಮನೆಗಳ ನಡುವೆ ಒಂದು ಮುದಿ ಹಿಪ್ಪುನೇರಳೆ ಮರವಿತ್ತು. ಕಾಂಡ ಇಬ್ಬರು ತಬ್ಬುವಷ್ಟು, ಒಂದೂ ಎಲೆ ಇಲ್ಲ. ಸತ್ತಿದೆ ಎಂದುಕೊಂಡೆ. ಇಲ್ಲ, ಚಳಿಗೆ ಆರು ತಿಂಗಳು ಹೀಗೇ ಬೋಳಾಗಿರುತ್ತದೆ ಅಂದರು ಅಜ್ಜಿ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ನಕ್ಕುಬಿಟ್ಟರು. "ಆರು ತಿಂಗ್ಳು ಬೋಳಾಗಿರ್ತದಾ? ಅದು ರೇಷ್ಮೆ ಗಿಡಾನೇ ಅಲ್ಲ ಕಣೋ. ಬೇರೆ ಯಾವ್ದೋ ತೋರ್ಸಿ ಏಮಾರಿಸವ್ರೆ ನಿನ್ನ." ನಮಗೆ ಕಾಲ ಎಂದರೆ ಅವರೆಕಾಯಿ ಕಾಲ, ಮಾವಿನ ಕಾಲ. ಹಿಪ್ಪುನೇರಳೆ ಸೊಪ್ಪಿಗೆ ಕಾಲವೇ ಇಲ್ಲ. ನೆಲಕ್ಕೆ ಕೊಯ್ದರೆ ಇಪ್ಪತ್ತು ದಿನಕ್ಕೆ ತೋಟ ಹಸಿರು, ವರ್ಷಕ್ಕೆ ಐದು ಬೆಳೆ.

ಅಲ್ಲಿ ಫೆಬ್ರವರಿಯಲ್ಲೇ ಬಾದಾಮಿ ಹೂ ಬಿಡುತ್ತಿತ್ತು. ಆಮೇಲೆ ಚೆರ್ರಿ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕೋಗಿಲೆಯಂಥದ್ದೊಂದು ಹಕ್ಕಿ ಕೂಗಿತು, ಸಂಜೆಗೆ ಸೂರಿನ ಕೆಳಗೆ ಕವಲುಬಾಲದ ಹಕ್ಕಿಗಳು ಬಂದಿದ್ದವು. ಗುಡ್ಡವೆಲ್ಲ ಹಸಿರಾದರೂ ಈ ಮರ ಮಾತ್ರ ಸುಮ್ಮನಿತ್ತು. ಅಜ್ಜಿಯ ಕಿಟಕಿಯಲ್ಲಿ ಟೊಮೆಟೊ ಸಸಿಗಳ ಕುಂಡಗಳು ಸಾಲಾಗಿ ಕಾಯುತ್ತಿದ್ದವು. ಮರ ಎಲೆ ಬಿಡುವವರೆಗೆ ಅವರು ಸಸಿಯನ್ನು ನೆಲಕ್ಕೆ ಇಡುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ಬೇಸಿಗೆ ಬಂತೆಂದು ನಂಬಿದ ಮೇಲೂ ಒಂದು ದಿನ ಇಬ್ಬನಿ ಹೆಪ್ಪುಗಟ್ಟಿ ಎಳೆಯದನ್ನೆಲ್ಲ ಸುಟ್ಟುಹಾಕುತ್ತದೆ.

"ಬಾದಾಮಿ ಪೆದ್ದು ಕಣಪ್ಪ," ಅಂದರು ಅಜ್ಜಿ. "ಎರಡು ದಿನ ಬಿಸ್ಲು ಬಿದ್ರೆ ಸಾಕು, ಸೀರೆ ಉಟ್ಕೊಂಡು ನಿಂತ್ಬಿಡ್ತಾಳೆ. ಇವ್ಳು ಹಂಗಲ್ಲ. ಇವ್ಳು ಹೊರಗ್ ಬಂದ್ಳು ಅಂದ್ರೆ ಚಳಿ ಹೋಯ್ತು ಅಂತ."

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ನನ್ನ ಬಾಗಿಲು ಬಡಿದು ಕರೆದರು. ಮೊದಲ ಎಲೆ, ಇಲಿಯ ಕಿವಿಯಷ್ಟು. ಒಳಗೆ ಹೋಗಿ ಒಂದು ಶಾಲೆ ನೋಟ್‌ಬುಕ್ ತಂದರು. ಮದುವೆಯಾಗಿ ಆ ಮನೆಗೆ ಬಂದ ವರ್ಷದಿಂದ ಆ ಮರ ಚಿಗುರಿದ ದಿನ ಬರೆದಿಟ್ಟಿದ್ದರು. ಒಂದು ವರ್ಷಕ್ಕೆ ಒಂದು ಸಾಲು, ಎಡಕ್ಕೆ ವರ್ಷ, ಬಲಕ್ಕೆ ದಿನ. ಗಂಡ ತೀರಿಕೊಂಡ ವರ್ಷವೂ ಇತ್ತು. ಒಂದು ಸಾಲೂ ತಪ್ಪಿರಲಿಲ್ಲ.

ಶರತ್ಕಾಲದಲ್ಲಿ ಮೊದಲ ಗಟ್ಟಿ ಚಳಿ ಬಿದ್ದ ಬೆಳಿಗ್ಗೆ ಮರ ತನ್ನ ಎಲೆಗಳನ್ನೆಲ್ಲ ಒಂದೇ ಗಂಟೆಯಲ್ಲಿ ಉದುರಿಸಿತು. ಗಾಳಿ ಇಲ್ಲ, ಏನಿಲ್ಲ. ಟಪಟಪ ಸದ್ದಿಗೆ ನಾನು ಮಳೆ ಎಂದು ಹೊರಗೆ ಬಂದಿದ್ದೆ. ಎಲೆ ಹೋದ ಮೇಲೆ ಒಣಕೊಂಬೆಗಳು ಕಂಡವು. ಒಂದೆರಡು ಸೂರಿಗೆ ತಾಗುತ್ತಿದ್ದವು. ಮೂರು ದಿನದ ಮಟ್ಟಿಗೆ ಮಗಳ ಊರಿಗೆ ಹೊರಟ ಅಜ್ಜಿ, "ಆ ಒಣಗಿದ್ದು ತೆಗೆದುಬಿಡಪ್ಪ, ನನ್ ಭುಜ ಏಳಲ್ಲ" ಅಂದರು.

ನಾನು ಅಣ್ಣನಿಗೆ ಮರದ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು. "ಏನೋ ಇದು, ಪಾಳೇಗಾರರ ಕಾಲದ್ದು ಇದ್ದಂಗೈತೆ! ಸೊಪ್ಪು ಕೀಳಕ್ಕೆ ಏಣಿ ಹಾಕ್ತೀರಾ? ಬುಡಕ್ಕೆ ಕೊಯ್ದು ಗೊಬ್ಬರ ಹಾಕು. ಇಪ್ಪತ್ತು ದಿನಕ್ಕೆ ನೋಡು, ಹೆಂಗ್ ಬರ್ತದೆ."

ಅಣ್ಣನ ಮೇಲೆ ಹಾಕುವುದು ಸುಲಭ. ಅವನು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ರೇಷ್ಮೆಯ ಊರಿನವನು ನಾನು, ಹಿಪ್ಪುನೇರಳೆ ಬಗ್ಗೆ ನನಗೆ ಯಾರು ಏನು ಹೇಳಿಕೊಡಬೇಕು? ಬಂದಾಗಿನಿಂದ ಆ ಊರಲ್ಲಿ ನಾನು ಏನೂ ಗೊತ್ತಿಲ್ಲದವನಾಗಿದ್ದೆ. ಬ್ರೆಡ್ ಕೇಳುವುದು ಗೊತ್ತಿಲ್ಲ, ಒಲೆಗೆ ಸೌದೆ ಒಟ್ಟುವುದು ಗೊತ್ತಿಲ್ಲ. ಗೊತ್ತಿದ್ದದ್ದು ಇದೊಂದೇ. ವಸಂತಕ್ಕೆ ಅಜ್ಜಿಯ ಕೈಗೆಟುಕುವ ಹಾಗೆ, ಅಂಗೈಯಗಲದ ಎಲೆಯ ಪೊದೆ ಎಬ್ಬಿಸಿ ತೋರಿಸಬೇಕೆಂದಿತ್ತು. ಸಂಘದಿಂದ ಮೋಟಾರ್ ಗರಗಸ ತಂದೆ. ಎರಡು ದಿನ ಹಿಡಿಯಿತು. ಮೊಣಕಾಲೆತ್ತರದ ಬೊಡ್ಡೆ ಬಿಟ್ಟು ಉಳಿದದ್ದೆಲ್ಲ ಕೊಯ್ದು ಸೌದೆ ಜೋಡಿಸಿ, ಬುಡಕ್ಕೆ ಗೊಬ್ಬರ ಹಾಕಿದೆ.

ಅಜ್ಜಿ ಬಸ್ಸಿಳಿದು ನಡೆದು ಬಂದರು. ಬ್ಯಾಗು ಕೆಳಗಿಡಲಿಲ್ಲ. ಕೊಯ್ದ ಮೈಯ ಮೇಲೆ ಒಂದು ಸಲ ಅಂಗೈ ಇಟ್ಟರು.

"ಒಣಗಿದ್ದು ತೆಗಿ ಅಂದಿದ್ದೆ."

"ಹೊಸದಾಗಿ ಬರುತ್ತೆ ಅಜ್ಜಿ. ನಮ್ಮೂರಲ್ಲಿ ಹೀಗೇ ಮಾಡೋದು."

"ಎಷ್ಟ್ ದಿನಕ್ಕೆ?"

"ಇಪ್ಪತ್ತು ದಿನ," ಅಂದುಬಿಟ್ಟೆ. ನವೆಂಬರ್ ತಿಂಗಳಲ್ಲಿ, ಕೋಟಿನೊಳಗೆ ನಡುಗುತ್ತಾ.

"ಸರಿ ಕಣಪ್ಪ. ಕಾಯಣ."

ಅಷ್ಟೇ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಸೂಪು ಮಾಡಿ ಕಳಿಸಿದರು. ಆ ಚಳಿಗಾಲವೆಲ್ಲ ಎದುರು ಸಿಕ್ಕಾಗ ಒಂದೇ ಪ್ರಶ್ನೆ. "ಇಪ್ಪತ್ತು ದಿನ ಆಯ್ತೇನಪ್ಪ?" ಹಿಮ ಬಿದ್ದ ದಿನವೂ ಕೇಳಿದರು, ಬೊಡ್ಡೆ ಪೂರ್ತಿ ಮುಚ್ಚಿಹೋಗಿದ್ದ ದಿನವೂ. ನಕ್ಕು ಕೇಳುತ್ತಿದ್ದರೆಂದು ನನ್ನ ನೆನಪು. ನಗದೆ ಕೇಳಿದ್ದರೂ ನೆನಪು ನಗಿಸಿಯೇ ತೋರಿಸೀತು.

ಬಾದಾಮಿ ಬಿಟ್ಟಿತು. ಚೆರ್ರಿ ಬಿಟ್ಟಿತು. ಹಕ್ಕಿ ಕೂಗಿತು. ನಾನು ದಿನಾ ಬೆಳಿಗ್ಗೆ ಹೋಗಿ ಬೊಡ್ಡೆಯ ತೊಗಟೆಯನ್ನು ಉಗುರಿನಿಂದ ಕೆರೆದು ಒಳಗೆ ಹಸಿರಿದೆಯೇ ನೋಡುತ್ತಿದ್ದೆ. ಒಂದು ದಿನ ಕಿಟಕಿಯಿಂದ ಅಜ್ಜಿ ಕೂಗಿದರು. "ಕೆರೀಬೇಡ್ವೋ! ಬದ್ಕಿದ್ರೂ ನಿನ್ ಉಗುರಿಗೇ ಸಾಯ್ತದೆ."

ಏಪ್ರಿಲ್ ಮುಗಿಯಿತು, ಮೇ ಬಂತು. ಹಳ್ಳಿಯವರೆಲ್ಲ ಟೊಮೆಟೊ ನೆಟ್ಟರು. ಅಜ್ಜಿ ನೆಡಲಿಲ್ಲ. ಕುಂಡಗಳಲ್ಲಿ ಸಸಿಗಳು ಉದ್ದವಾಗಿ, ಗಾಜಿಗೆ ಒರಗಿ, ಹಳದಿಯಾಗುತ್ತಿದ್ದವು.

"ಚಳಿ ಹೋಯ್ತಲ್ಲ ಅಜ್ಜಿ, ಎಲ್ಲರೂ ನೆಟ್ಟರು. ನಾನೇ ಗುಂಡಿ ತೋಡಿಕೊಡ್ತೀನಿ."

"ಯಾರಪ್ಪ ಹೇಳಿದ್ದು ಹೋಯ್ತು ಅಂತ? ನಂಗ್ ಯಾರೂ ಹೇಳಿಲ್ಲ."

ಹಟವೋ, ದುಃಖವೋ, ನನಗೆ ಶಿಕ್ಷೆಯೋ... ಈ ಮೂರರಲ್ಲಿ ಒಂದನ್ನು ಆರಿಸಿದರೆ ಈ ಬರಹ ಚೆಂದವಾಗುತ್ತದೆ. ಆರಿಸಲಾರೆ. ನನಗೆ ಬಂದದ್ದು ಬರೀ ಸಿಟ್ಟು. ಒಂದು ಮರ ಹೇಳದಿದ್ದರೆ ಏನಂತೆ, ಕ್ಯಾಲೆಂಡರ್ ಇಲ್ಲವೇ, ಫೋನಿನಲ್ಲಿ ಹವಾಮಾನ ಇಲ್ಲವೇ? ಜೂನ್ ನಡುವೆ ನನ್ನ ಅವಧಿ ಮುಗಿದು ಹೊರಟಾಗಲೂ ಸಸಿಗಳು ಕಿಟಕಿಯಲ್ಲೇ ಇದ್ದವು, ಬೊಡ್ಡೆ ಹಾಗೇ ಇತ್ತು.

ಊರಿಗೆ ಬಂದು ಎರಡು ತಿಂಗಳ ಮೇಲೆ ಧೈರ್ಯ ಮಾಡಿ ಫೋನ್ ಮಾಡಿದೆ. ಕೇಳುವ ಮೊದಲೇ ಹೇಳಿದರು.

"ಚಿಗುರ್ತು ಕಣಪ್ಪ. ನೀನು ಹೋಗಿ ಸರಿಯಾಗಿ ಇಪ್ಪತ್ತು ದಿನಕ್ಕೆ."

ನಾನು ಕುಣಿದಾಡಿದೆ. ಅಣ್ಣ, "ನಾನ್ ಹೇಳ್ಲಿಲ್ವಾ?" ಅಂದ. ಸುದ್ದಿ ಇಷ್ಟು ಅಚ್ಚುಕಟ್ಟಾಗಿದೆಯಲ್ಲ ಎಂದು ನನಗೆ ಅನುಮಾನ ಬರಲಿಲ್ಲ. ನನಗೆ ಬೇಕಾದ ಸುದ್ದಿಯಾಗಿತ್ತು, ತೆಗೆದುಕೊಂಡೆ.

ಆ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಸಂಘದವರು ತಿಳಿಸಿದರು. ಮನೆ ಖಾಲಿ ಮಾಡುತ್ತಿದ್ದ ಮಗಳು ಎರಡು ತಿಂಗಳ ಹಿಂದೆ ನನಗೊಂದು ಮೆಸೇಜ್ ಕಳಿಸಿದರು, ಜೊತೆಗೆ ನೋಟ್‌ಬುಕ್ಕಿನ ಕೊನೆಯ ಪುಟದ ಫೋಟೋ. ಎಡಕ್ಕೆ ವರ್ಷ, ಬಲಕ್ಕೆ ದಿನ. ಕೊನೆಯ ಸಾಲಿನಲ್ಲಿ ವರ್ಷವಿತ್ತು, ಎದುರಿಗೆ ಏನೂ ಇರಲಿಲ್ಲ.

"ಗಾಳಿಗೆ ಬಿದ್ದ ಮರವನ್ನು ಕೊಯ್ಯಿಸಿದೆ ಎಂದು ಅಮ್ಮ ಹೇಳಿದ್ದರು," ಎಂದು ಬರೆದಿದ್ದರು ಮಗಳು. "ಬೊಡ್ಡೆ ಕೊನೆಗೂ ಚಿಗುರಲೇ ಇಲ್ಲ. ಆದರೂ ವರ್ಷ ಬರೆದು ಜಾಗ ಬಿಟ್ಟಿದ್ದಾರೆ. ಆ ವರ್ಷ ತೋಟವನ್ನೂ ಮಾಡಲಿಲ್ಲ. ನೀವು ಪಕ್ಕದಲ್ಲೇ ಇದ್ದಿರಿ, ಏನಾದರೂ ಗೊತ್ತೆ?"

ನನಗೊಂದು ಸುಳ್ಳು, ಮಗಳಿಗೊಂದು ಸುಳ್ಳು. ನೋಟ್‌ಬುಕ್ಕಿಗೆ ಮಾತ್ರ ಹೇಳಲಾಗಲಿಲ್ಲ. ನನ್ನನ್ನು ಕಾಪಾಡಿ ಎಂದು ಅವರನ್ನು ಕೇಳಿದ್ದವರು ಯಾರು? ಎರಡು ತಿಂಗಳು ಉತ್ತರ ಬರೆದು ಅಳಿಸಿದೆ. ಒಂದರಲ್ಲಿ ಚಳಿ ಹೆಚ್ಚಿತ್ತು ಎಂದಿದ್ದೆ, ಇನ್ನೊಂದರಲ್ಲಿ ಮರಕ್ಕೆ ವಯಸ್ಸಾಗಿತ್ತು ಎಂದು. ಎರಡೂ ನಿಜವೇ.

ಹೋದ ವಾರ ತೋಟದಿಂದ ಬಂದವನು, ಕೈಗೆ ಅಂಟಿದ ಹಾಲನ್ನೂ ತೊಳೆಯದೆ ಬರೆದೆ. "ಗಾಳಿಯಲ್ಲ, ಕಡಿದದ್ದು ನಾನು. ಅವರು ಒಣಗಿದ್ದನ್ನು ಮಾತ್ರ ತೆಗೆಯಲು ಹೇಳಿದ್ದರು." ಕಳಿಸಿದೆ. ಓದಿದರೆಂದು ಎರಡು ನೀಲಿ ಗೆರೆ ಬಿದ್ದು ಆರು ದಿನವಾಯಿತು. ಉತ್ತರ ಬಂದಿಲ್ಲ. ಬಂದರೂ ಅದು ಮಗಳ ಉತ್ತರ. ನನ್ನನ್ನು ಬೈಯುವ ಹಕ್ಕಿದ್ದವರು ಒಬ್ಬರೇ, ಅವರು ಬೈಯದೆ ಹೋಗಿಬಿಟ್ಟರು.