ಅವ್ವ ಹತ್ತಲೊಲ್ಲದ ಎಸ್ಟೇಟ್ ಕಾರು

"ಡಿಕ್ಕಿ ಇಲ್ಲದ್ದೂ ಒಂದು ಕಾರಾ?" ತೊಂಬತ್ತರ ದಶಕದಲ್ಲಿ ಸ್ಟೇಷನ್ ವ್ಯಾಗನ್ ಕಾರುಗಳು ನಮ್ಮ ಕಡೆಗೆ ಹೊಸದಾಗಿ ಬಂದಾಗ ಪೇಟೆಯವರು ಹೀಗೆ ಮೂಗು ಮುರಿದರು. ಕಾರೆಂದರೆ ಮುಂದೆ ಬಾನೆಟ್ಟು, ಹಿಂದೆ ಡಿಕ್ಕಿ, ನಡುವೆ ಮನುಷ್ಯರು ಎಂದುಕೊಂಡಿದ್ದ ಜನ. ಹಿಂದಿನ ತನಕ ಒಂದೇ ಸಮ ಎಳೆದ ಆ ಉದ್ದನೆ ಗಾಡಿಯನ್ನು ನೋಡಿ ಆಂಬುಲೆನ್ಸ್ ಅಂತ ನಕ್ಕರು. ನಮ್ಮ ವನಗೂರು ಕಡೆಯ ಕಾಫಿ ತೋಟದ ಗಂಡಸರು ಮಾತ್ರ ಅದರ ಹಿಂಬಾಗಿಲೆತ್ತಿ ತಲೆ ಒಳಗೆ ಹಾಕಿದರೆ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಮೆಣಸಿನ ಮೂಟೆ, ಗೊಬ್ಬರ, ನೆರಳಿಗೆ ನೆಡುವ ಸಿಲ್ವರ್ ಮರದ ಸಸಿ, ನಾಯಿ, ಮದುವೆಮನೆಯ ಹಂಡೆ, ಎಲ್ಲಕ್ಕೂ ಅಲ್ಲಿ ಜಾಗವಿತ್ತು.

ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಅಪ್ಪನಿಗೂ ಆ ಗಾಡಿಯ ಹುಚ್ಚು ಹಿಡಿಯಿತು. ಮೂಟೆಯ ನೆಪ ಹೇಳುತ್ತಿದ್ದ, ನಿಜವಾದ ಕಾರಣ ಅವ್ವ. ಅವಳ ಮಂಡಿ ಕೆಟ್ಟು ನಮ್ಮ ಜೀಪಿಗೆ ಹತ್ತಲಾಗುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲೂ ಎತ್ತರ. ಕೆ. ಹೊಸಕೋಟೆ ಹತ್ತಿರದ ತವರಿಗೆ ಹೋಗದೆ ಎರಡು ಗೌರಿಹಬ್ಬ ಕಳೆದಿದ್ದವು. "ನಂಗೇನು ಕಮ್ಮಿಯಾಗೈತೆ ಇಲ್ಲಿ?" ಅನ್ನುತ್ತಾ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದಳು.

ಹಾಸನದ ಶೋರೂಮಿನವನೊಬ್ಬ ಹೊಸ ವ್ಯಾಗನ್ನನ್ನು ಸಕಲೇಶಪುರಕ್ಕೆ ತಂದು ನಿಲ್ಲಿಸಿದ್ದಾನೆಂದು ತಿಳಿದು ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಟೈ ಕಟ್ಟಿದ್ದ ಆತ ಏಸಿ ಎಂದ, ಪವರ್ ವಿಂಡೋ ಎಂದ.

"ಅದೆಲ್ಲಾ ಇರ್ಲಿ, ಮೂಟೆ ಎಷ್ಟು ಹಿಡಿತದೆ?"

"ಸೂಟ್‌ಕೇಸು ಬೇಕಾದಷ್ಟು ಹಿಡಿಯುತ್ತೆ ಸರ್."

"ಸೂಟ್‌ಕೇಸ್ ಹೊತ್ಕಂಡು ನಾ ಎಲ್ಲಿಗೋಗ್ಲಿ ಮಾರಾಯ!"

ಆಮೇಲೆ ಅಪ್ಪ ನನ್ನ ಕಡೆ ತಿರುಗಿ, "ಅವ್ವ ಹತ್ತಂಗೆ ಹತ್ತು ನೋಡಾನ" ಎಂದ. ಪೇಟೆಯ ಜನರೆದುರು ನಾನು ಮಂಡಿ ಹಿಡಿದುಕೊಂಡು, ಅಯ್ಯಮ್ಮಾ ಎನ್ನುತ್ತಾ ಮುಂದಿನ ಸೀಟಿಗೆ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಟೈನವನು ಕಕ್ಕಾಬಿಕ್ಕಿ. ಅಪ್ಪನ ಮುಖ ಅರಳಿತು. ಹಿಂದೆ ಹೋದವನು ಅಲ್ಲಿಂದಲೇ ಕೂಗಿದ: "ಬಾರೇ ಇಲ್ಲಿ! ಎಸ್ಟೇಟ್ ಅಂತ ಬರ್ದವ್ರೆ! ಕಾಫಿಯೋರ್ಗೇ ಅಂತ ಮಾಡಿರೋ ಗಾಡಿ ಕಣೇ ಇದು!"

"ಹೌದು ಸರ್, ನಿಮ್ಮಂಥ ಎಸ್ಟೇಟ್ ಓನರ್ಸಿಗೇ," ಎಂದು ಟೈನವನು ಬೆಣ್ಣೆ ಹಚ್ಚಿದ. ಬೇರೆ ದೇಶದಲ್ಲಿ ವ್ಯಾಗನ್ ಕಾರಿಗೆ ಸುಮ್ಮನೆ ಎಸ್ಟೇಟ್ ಅನ್ನುತ್ತಾರೆ, ಅದಕ್ಕೂ ಕಾಫಿಗೂ ಏನೂ ಸಂಬಂಧವಿಲ್ಲ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಕಾರು ಮನೆಗೆ ಬಂತು. ಅವ್ವ ಅರಿಶಿನ ಕುಂಕುಮ ಹಚ್ಚಿ, ಸೀಟು ಮುಟ್ಟಿ ನೋಡಿ, ಸುತ್ತ ಬಂದಳು. "ಹಿಂದೇನೋ ಬರ್ದೈತಲ್ಲ, ಏನೇ ಅದು?" ನಾನು ಜಂಬದಿಂದ ಓದಿ ಹೇಳಿದೆ. ಅವಳ ಮುಖ ಇಳಿದುಹೋಯಿತು.

ನಮ್ಮಲ್ಲಿ ತೋಟ ಬೇರೆ, ಎಸ್ಟೇಟ್ ಬೇರೆ. ಎಸ್ಟೇಟ್ ಅಂದರೆ ಬಂಗಲೆ, ಲೆಕ್ಕ ಬರೆಯುವ ರೈಟರ್, ಆಳುಗಳ ಲೈನ್ ಮನೆಗಳು. ನಮ್ಮದು ನಾಲ್ಕು ಗಿಡದ ತೋಟ. ಅವ್ವನ ಅಣ್ಣ, ನನ್ನ ಮಾವ, ಅಂಥ ಒಂದು ಎಸ್ಟೇಟಿನಲ್ಲಿ ಬದುಕಿಡೀ ರೈಟರಾಗಿದ್ದು, ಧಣಿಗಳ ಕಾರು ಬಂದಾಗೆಲ್ಲ ಎದ್ದು ಸಲಾಮು ಹೊಡೆದವನು.

"ಆ ಹೆಸ್ರಿನ ಮುಂದೆ ಕೈ ಕಟ್ಟಿ ನಿಂತು ನಿಂತು ನಮ್ಮಣ್ಣನ ಬೆನ್ನು ಬಗ್ಗೋಯ್ತು. ಈಗ ಅದನ್ನೇ ಬರ್ಸ್ಕಂಡು ಅವ್ನ ಬಾಗ್ಲಿಗೆ ಹೋಗಾನಾ? ನಾ ಹತ್ತಲ್ಲ ಕಣ್ರೀ," ಎಂದು ಅವ್ವ ಒಳಗೆ ನಡೆದಳು. ಪಾತ್ರೆ ಕುಕ್ಕಿದ ಸದ್ದು ಬಂತು.

ಅಪ್ಪ ಅಕ್ಷರ ಕೀಳಲು ಸ್ಕ್ರೂಡ್ರೈವರ್ ತಂದ. ಹೊಸ ಬಣ್ಣ ಕಿತ್ತು ಬರುತ್ತದೆಂದು ಅವನ ಕೈ ಏಳಲಿಲ್ಲ. ಕೊನೆಗೆ, ಗಾಯಕ್ಕೆ ಹಾಕುವ ಬಿಳಿ ಪಟ್ಟಿಯನ್ನು ಆ ಅಕ್ಷರಗಳ ಮೇಲೆ ಅಂಟಿಸಿದ. "ಈಗ ನಿಜವಾದ ಆಂಬುಲೆನ್ಸ್ ಆಯ್ತು ಬಿಡು," ಅಂದೆ. ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ನಗು ತಡೆಯಲಾಗಲಿಲ್ಲ. ಆ ಗೌರಿಹಬ್ಬಕ್ಕೆ ರೇಷ್ಮೆ ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ಕೂತು ತವರಿಗೆ ಹೊರಟಳು.

ದಾರಿಯುದ್ದಕ್ಕೂ ಮಳೆ ಜಡಿಯಿತು. ಮಾವನ ಅಂಗಳದಲ್ಲಿ ಕಾರು ನಿಂತಾಗ ಪಟ್ಟಿಯ ಸುಳಿವೇ ಇರಲಿಲ್ಲ! ಮಾವ ಕೊಡೆ ಹಿಡಿದು ಬಂದವನು ಕಾರಿನ ಸುತ್ತ ಒಂದು ಸುತ್ತು ಹಾಕಿ, ಹಿಂದೆ ನಿಂತು, "ಎಸ್ಟೇಟ್" ಎಂದು ಗಟ್ಟಿಯಾಗಿ ಓದಿದ. ಒಳಗೆ ಕೂತಿದ್ದ ಅವ್ವ ತಲೆ ತಗ್ಗಿಸಿದಳು. ಅಪ್ಪ ಸ್ಟೇರಿಂಗನ್ನೇ ನೋಡುತ್ತಿದ್ದ.

ಮಾವ ಮುಂದೆ ಬಂದು ಅವ್ವನ ಕಡೆಯ ಬಾಗಿಲು ತೆರೆದ. ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದು, ಬಗ್ಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಇನ್ನೊಂದು ಕೈಯಲ್ಲಿ ಸಲಾಮು ಹೊಡೆದ.

"ಏನಣ್ಣಾ ಇದು, ನೀನು ನಂಗೆ..." ಅವ್ವ ಅವನ ಕೈ ಹಿಡಿದು ಕೆಳಗಿಳಿಸಲು ನೋಡಿದಳು.

"ಸುಮ್ಕಿರೇ. ಜನ್ಮೆಲ್ಲಾ ಕಂಡೋರ ಕಾರಿಗೆ ಹೊಡ್ದಿದೀನಿ. ನನ್ ತಂಗಿ ಕಾರಿಗೊಂದು ಮನಸಾರೆ ಹೊಡೀಬಾರ್ದಾ? ಇಳಿ ದೊರೆಸಾನಿ, ಬಾಗಿನ ಕಾಯ್ತಾ ಐತೆ."

ಅವ್ವ ನಗುತ್ತಾ, ಮೂಗು ಒರೆಸಿಕೊಳ್ಳುತ್ತಾ, ಮಂಡಿಯ ನೆನಪೂ ಇಲ್ಲದವಳ ಹಾಗೆ ಇಳಿದಳು.

ಸಂಜೆ ಹೊರಡುವಾಗ ಅಪ್ಪ ಜೇಬಿನಿಂದ ಪಟ್ಟಿಯ ಸುರುಳಿ ತೆಗೆದು ಕಾರಿನ ಹಿಂದಕ್ಕೆ ಹೋದ. ಅವ್ವ ಮುಂದಿನ ಸೀಟಿನಿಂದಲೇ ಕೂಗಿ ಹೇಳಿದಳು:

"ಬ್ಯಾಡ, ಬುಟ್ಬುಡಿ. ನಮ್ಮಣ್ಣ ಸಲಾಮು ಹೊಡ್ದಿರೋ ಗಾಡಿ ಅದು."