ಗಂಟಿನ ಕೆಳಗೆ ಬಿದ್ದ ಕತ್ತರಿ

ಕೊಂಬೈ ಊರಿನ ಚಿನ್ನತಂಬಿಯ ಕೈಗೆ ಕಂಬಂ ಕಣಿವೆಯಲ್ಲೆಲ್ಲ ಹೆಸರಿತ್ತು. ದ್ರಾಕ್ಷಿ ಬಳ್ಳಿಗೆ ಕವಾತು ಮಾಡುವುದು, ಅಂದರೆ ಯಾವ ಕಡ್ಡಿಯನ್ನು ಎಷ್ಟನೇ ಚಿಗುರುಗಣ್ಣಿಗೆ ಕತ್ತರಿಸಬೇಕೆಂದು ನೋಡಿ ಸವರುವುದು, ಅವನ ಕಸುಬು. ತೋಟದವರು ಅವನಿಗಾಗಿ ದಿನಗಟ್ಟಲೆ ಕಾಯುತ್ತಿದ್ದರು. ಸ್ವಂತ ಹಿತ್ತಲಲ್ಲಿ ಮಾತ್ರ ಅವನ ಕತ್ತರಿಗೆ ಅಪ್ಪಣೆ ಇರಲಿಲ್ಲ.

ಹಿತ್ತಲು ಹೆಂಡತಿ ಗೋವಿಂದಮ್ಮಾಳದು. ಮಲ್ಲಿಗೆ, ದಾಸವಾಳ, ಮದರಂಗಿ ಒಂದರೊಳಗೊಂದು ಹೆಣೆದುಕೊಂಡು ಬಾವಿಕಟ್ಟೆಯ ಮೇಲೇ ಮಲಗಿದ್ದವು. ನೀರು ಸೇದಲು ಹೋದರೆ ಹಗ್ಗ ಸಿಕ್ಕಿಕೊಳ್ಳುತ್ತಿತ್ತು. ಮಲ್ಲಿಗೆಯಂತೂ ಬರೀ ಕಟ್ಟಿಗೆಯಾಗಿ, ತುದಿಯಲ್ಲಷ್ಟೇ ನಾಲ್ಕು ಹೂ ಬಿಡುತ್ತಿತ್ತು.

ಪ್ರತಿ ವರ್ಷ ಮಾರ್ಗಳಿ ತಿಂಗಳಲ್ಲಿ ಅವನು ಸವರಲೇ ಎಂದು ಕೇಳುತ್ತಿದ್ದ. "ಪೂಜೆ ತಿಂಗ್ಳು ಮಾಮಾ, ಈಗ ಬ್ಯಾಡ," ಅನ್ನುತ್ತಿದ್ದಳು ಗೋವಿಂದಮ್ಮಾಳ್; ಗಂಡನನ್ನು ಅವಳು ಕರೆಯುತ್ತಿದ್ದುದೇ ಹಾಗೆ. ತೈ ತಿಂಗಳು ಬಂದರೆ, "ಪೊಂಗಲ್ ಮುಗೀಲಿ." ಅದರ ಮುಂದಿನ ಮಾಸಿಯಲ್ಲಿ, "ಮೊಗ್ಗು ಇಕ್ಕಿರೋ ಗಿಡಕ್ಕೆ ಕತ್ತಿ ಇಕ್ತೀಯಾ? ಪಾಪ ಅಲ್ವಾ?" ಅಷ್ಟರಲ್ಲಿ ಸವರುವ ಕಾಲ ಮುಗಿದಿರುತ್ತಿತ್ತು. ಹೀಗೆ ಆರು ವರ್ಷ.

ಸಾವಿರದ ಒಂಬೈನೂರ ಅರವತ್ತನಾಲ್ಕರ ಕೊನೆಯಲ್ಲಿ ಕಂಬಂನಿಂದ ತೋಟದ ಯಜಮಾನ ಪೊನ್ನುಸಾಮಿ ಅವನನ್ನು ಕರೆಯಲು ಬಂದ. ಕೈಕಾಲು ತೊಳೆಯಲು ಬಾವಿಗೆ ಹೋದವನ ತಲೆಯ ವಸ್ತ್ರ ದಾಸವಾಳದ ಕೊಂಬೆಗೆ ತಗಲಿ ಕೆಸರಿಗೆ ಬಿತ್ತು. "ಏನಪ್ಪಾ, ಊರಿಗೆಲ್ಲ ಕವಾತು, ನಿನ್ನ ಮನೇಲಿ ಕಾಡಾ?" ಎಂದು ಅವನು ನಕ್ಕ. ಚಿನ್ನತಂಬಿ ನಗಲಿಲ್ಲ.

ಮರುವಾರ ಗೋವಿಂದಮ್ಮಾಳ್ ತಂಗಿಯ ಬಾಣಂತನಕ್ಕೆಂದು ಒಡ್ಡನ್‌ಛತ್ರಂ ಬಸ್ಸು ಹತ್ತಿದಳು. ಬಸ್ಸು ಮರೆಯಾಗುತ್ತಲೇ ಅವನು ಕತ್ತರಿ ಮಸೆದ. ಮಲ್ಲಿಗೆಯನ್ನು ಮೊಣಕಾಲೆತ್ತರಕ್ಕೆ ಇಳಿಸಿದ. ದಾಸವಾಳದ ಒಣಕೊಂಬೆ ತೆಗೆದ, ಮದರಂಗಿಯನ್ನು ಬೇಲಿಯಂತೆ ಸಮ ಮಾಡಿದ. ಆರು ವರ್ಷದ ಸಿಟ್ಟೆಲ್ಲ ಕೈಗಿಳಿದಿತ್ತು. ಮೂಲೆಯಲ್ಲಿ ಮುಳ್ಳು ಚುಚ್ಚಿದ ರೋಜಾ ಗಿಡವನ್ನೂ ಬಿಡಲಿಲ್ಲ, ಒಂದೇ ಏಟಿಗೆ ಬುಡದ ಹತ್ತಿರ ಕತ್ತರಿಸಿಬಿಟ್ಟ.

ತುಂಡು ಕೈಯಲ್ಲಿದ್ದಾಗಲೇ ಅವನಿಗೆ ಗೊತ್ತಾಯಿತು. ಅದು ಅವಳ ಅಣ್ಣ ಕೊಡೈಕಾನಲ್‌ನಿಂದ ತಂದುಕೊಟ್ಟ ಗಿಡ, ಕಾಡುರೋಜಾದ ಬೇರಿಗೆ ಕಸಿ ಕಟ್ಟಿದ್ದು. ಕಸಿಯ ಗಂಟಿನಿಂದ ಮೇಲಕ್ಕೆ ಕತ್ತರಿಸಿದ್ದರೆ ಮತ್ತೆ ಚಿಗುರುತ್ತಿತ್ತು. ಕತ್ತರಿ ಕೆಳಗೆ ಬಿದ್ದಿತ್ತು; ಗಂಟು ತುಂಡಿನ ಜೊತೆ ಅವನ ಕೈಯೊಳಗೇ ಇತ್ತು. ಇಪ್ಪತ್ತು ವರ್ಷದ ಕಸುಬಿನಲ್ಲಿ ಒಂದು ಬಳ್ಳಿಯನ್ನೂ ಕೊಲ್ಲದವನು ಅಲ್ಲೇ ಕುಕ್ಕರಿಸಿ ಕುಳಿತ. ಕತ್ತರಿಸಿದ ರೋಜಾ ಕಡ್ಡಿಗಳನ್ನು ಮಣ್ಣಿಗೆ ನೆಟ್ಟು, ಒದ್ದೆ ಗೋಣಿ ಸುತ್ತಿ ಕಾದ. ಒಂದೂ ಬೇರು ಬಿಡಲಿಲ್ಲ.

ತಿಂಗಳ ಮೇಲೆ ಬಂದ ಗೋವಿಂದಮ್ಮಾಳ್ ಬೋಳು ಹಿತ್ತಲನ್ನು ಸುತ್ತಿ, ರೋಜಾದ ಮೋಟಿನ ಮುಂದೆ ನಿಂತಳು. "ಇದು ನಿನ್ಗೇನ್ ಮಾಡಿತ್ತು ಮಾಮಾ?"

"ಕ್ವಾಪ್ದಾಗೆ ಗಂಟು ನೋಡ್ಲಿಲ್ಲ ಪುಳ್ಳೆ," ಎಂದ ಅವನು ಹೆಂಡತಿಗೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತು ಅವನಿಗೆ.

ಬೇಸಿಗೆಯ ಪಂಗುನಿ ತಿಂಗಳಲ್ಲಿ ಮಲ್ಲಿಗೆ ಎಂದೂ ಬಿಡದಷ್ಟು ಹೂ ಬಿಟ್ಟಿತು. ಬೀದಿಯ ಹೆಂಗಸರೆಲ್ಲ ಮಡಿಲು ತುಂಬಿಕೊಂಡು ಹೋದರು. ಮೂಲೆಯ ಮೋಟಿನಿಂದ ಎದ್ದದ್ದು ಮಾತ್ರ ಬರೀ ಮುಳ್ಳಿನ ಕಾಡುರೋಜಾದ ಚಿಗುರು. ಅವನು ಅದನ್ನು ಬೇರುಸಮೇತ ಕೀಳಲು ಹೋದಾಗ ಅವಳು ತಡೆದಳು: "ಇರ್ಲಿ ಬಿಡು, ಅದೂ ಬದ್ಕೊಳ್ಳಲಿ."

ಈಗ ಮಾರ್ಗಳಿ ಬಂದರೆ ಅವಳು ಬೇಡವೆನ್ನುವುದಿಲ್ಲ. "ನಿನ್ನಿಷ್ಟ ಮಾಮಾ," ಎಂದು ಒಳಗೆ ಹೋಗುತ್ತಾಳೆ. ಆ ಮಾತು ಕೇಳಿದರೆ ಚಿನ್ನತಂಬಿಗೆ ಹಳೆಯ ಸಿಟ್ಟೇ ಎದ್ದು ಮೈಯೆಲ್ಲ ಉರಿಯುತ್ತದೆ. ಆದರೂ ಗಿಡದ ಬುಡದಲ್ಲಿ ಕೂತು, ಮಣ್ಣು ಸರಿಸಿ, ಒಂದೊಂದು ಕಡ್ಡಿಯನ್ನೂ ಗಂಟಿಗಾಗಿ ಬೆರಳಲ್ಲಿ ತಡವಿ ನೋಡಿಯೇ ಕತ್ತರಿಸುತ್ತಾನೆ.